ಸೂಜಿ ಪುಸ್ತಕದಲ್ಲಿ ಒಂದು ಹೆಸರು

ಜೋರ್ಡಾನಿನ ಆ ಗಾರ್ಮೆಂಟ್ ಕಾರ್ಖಾನೆಯ ಏಳನೇ ಹೊಲಿಗೆ ಲೈನಿನಲ್ಲಿ ಸುಮಾಳಿಗೆ ಹೆಸರೇ ಇರಲಿಲ್ಲ. "ಏಯ್ ಇಂಡಿಯಾ, ಬಂಡಲ್ ತಗೊಂಡು ಬಾ!" ಎಂದೇ ಸೂಪರ್‌ವೈಸರಮ್ಮ ಕೂಗುತ್ತಿದ್ದಳು. ತಮಾಷೆ ನೋಡಿ, ಅವಳ ಊರು ಗಡಿಯ ರಾಯದುರ್ಗ; ಬಳ್ಳಾರಿಗೆ ಹೋದರೆ ರಾಯದುರ್ಗದವರು ಆಂಧ್ರದೋರು, ಅನಂತಪುರಕ್ಕೆ ಹೋದರೆ ಕನ್ನಡದೋರು. ತನ್ನ ದೇಶದಲ್ಲಿ ಎರಡೂ ಕಡೆಗೆ ಸಲ್ಲದವಳು ಇಲ್ಲಿಗೆ ಬಂದು ಇಡೀ ದೇಶವೇ ಆಗಿಬಿಟ್ಟಿದ್ದಳು.

ದೇಶವಾಗುವುದು ಸುಖದ ಕೆಲಸವಲ್ಲ. ಆರುನೂರು ಜನರಲ್ಲಿ ಇಂಡಿಯಾದವರು ಹನ್ನೊಂದು ಮಂದಿ. ಒಬ್ಬಳು ತಡವಾಗಿ ಬಂದರೆ, "ಇಂಡಿಯಾ ಯಾವಾಗಲೂ ಲೇಟ್." ಒಬ್ಬಳು ಹೂಂ ಎನ್ನಲು ತಲೆ ಆಡಿಸಿದರೆ, "ಹೌದೋ ಇಲ್ಲವೋ, ಇಂಡಿಯಾ ನಿಜ ಹೇಳುವುದಿಲ್ಲ." ಬಚ್ಚಲಲ್ಲಿ ಯಾರು ನೀರು ಚೆಲ್ಲಿದರೂ ಇಂಡಿಯಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂರು ವರ್ಷ ಈ ಬರೆ ತಿಂದು ಸುಮಾಳಿಗೆ ರೋಸಿಹೋಗಿತ್ತು. ತಾನೊಬ್ಬಳಾದರೂ ಬೆರಳು ತೋರಿಸದಂತೆ ಇರಬೇಕೆಂದು ಪಣ ತೊಟ್ಟಿದ್ದಳು. ಬೆಲ್ ಹೊಡೆಯುವ ಮೊದಲೇ ಮಿಷಿನ್ ಮುಂದೆ ಕೂರುತ್ತಿದ್ದಳು, ಚಮಚದಲ್ಲಿ ಅನ್ನ ತಿನ್ನುತ್ತಿದ್ದಳು, ತಲೆ ಆಡಿಸುವುದನ್ನೇ ಬಿಟ್ಟಿದ್ದಳು.

ಅವಳ ಈ ಹಟಕ್ಕೆ ದಿನವೂ ಸಿಕ್ಕುವವಳು ಪಕ್ಕದ ಮಿಷಿನ್ನಿನ ಸೌಭಾಗ್ಯ. ಮಡಕಶಿರಾ ಕಡೆಯ ಗುಡಿಬಂಡೆಯವಳು, ಹಿಪ್ಪುನೇರಳೆ ಸೊಪ್ಪು ಕೊಯ್ದ ಕೈ, ನಕ್ಕರೆ ನಾಲ್ಕು ಲೈನಿಗೆ ಕೇಳಬೇಕು. ಮಿಷಿನ್ ತುಳಿಯುವಾಗ ಕಾರ್ಖಾನೆ ಕೊಟ್ಟ ಬೂಟನ್ನು ಬಿಚ್ಚಿ ಪಕ್ಕಕ್ಕಿಡುವುದು ಅವಳ ಅಭ್ಯಾಸ.

"ಬೂಟು ಹಾಕ್ಕೊಳವ್ವ. ಇಂಡಿಯಾದೋರು ಬರಿಗಾಲಾಗ ಓಡಾಡೋ ಕಾಡಜನ ಅಂತಾರ. ನಿನ್ನಿಂದ ನಮ್ಮೆಲ್ಲರ ಮಾನ ಹೋಗತೈತಿ," ಎಂದು ಸುಮಾ ಗದರುತ್ತಿದ್ದಳು.

"ಅನ್ನ ಕೊಡೋ ಮಿಷಿನ್ನ ಮೆಟ್ಟು ಹಾಕ್ಕಂಡು ತುಳಿದ್ರೆ ಆಯ್ತದೇನಕ್ಕ? ಅಂದ್ರೆ ಅನ್ಲಿ ಬಿಡು," ಎಂದು ಸೌಭಾಗ್ಯ ನಗುತ್ತಿದ್ದಳು. ಆ ನಗು ಕಂಡರೆ ಸುಮಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಸುಮಾಳ ಆಸೆಯೆಲ್ಲ ಸ್ಯಾಂಪಲ್ ರೂಮಿನ ಮೇಲಿತ್ತು. ಹೊಸ ಮಾದರಿಯ ಮೊದಲ ಪ್ಯಾಂಟನ್ನು ಒಬ್ಬರೇ ಕೂತು ಪೂರ್ತಿ ಹೊಲಿಯುವ ಕೋಣೆ ಅದು. ರಾಯದುರ್ಗದಲ್ಲಿ ಮರುಳಪ್ಪ ಮಾವನ ಜೀನ್ಸ್ ಯೂನಿಟ್ಟಿನಲ್ಲಿ ಹದಿನಾರರ ವಯಸ್ಸಿಗೇ ಜೇಬಿನಿಂದ ಬೆಲ್ಟಿನವರೆಗೆ ಹೊಲಿದವಳು, ಇಲ್ಲಿ ಮೂರು ವರ್ಷದಿಂದ ಬರೀ ಹಿಂಜೇಬು ಹೊಲಿಯುತ್ತಿದ್ದಳು. ಕೊನೆಗೂ ಮ್ಯಾನೇಜರ್ ಅವಳ ಕೈಚಳಕ ನೋಡಿ, "ಈ ವಾರ ಒಂದೂ ತಪ್ಪಿಲ್ಲದಿದ್ದರೆ ಮುಂದಿನ ವಾರ ಸ್ಯಾಂಪಲ್ ರೂಮು," ಎಂದಿದ್ದ. ಇಂಡಿಯಾದವರು ಅಲ್ಲಿಗೆ ಕಾಲಿಟ್ಟದ್ದೇ ಇರಲಿಲ್ಲ.

ವಾರದ ಕೊನೆಯ ದಿನ, ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ, ದಪ್ಪ ಹೊಲಿಗೆಗೆ ಸಿಕ್ಕಿ ಅವಳ ಸೂಜಿ ಪಟ್ಟೆಂದು ಮುರಿಯಿತು. ಸೂಜಿ ಮುರಿಯುವುದು ತಪ್ಪಲ್ಲ. ಎಲ್ಲ ಚೂರನ್ನೂ ಸೂಪರ್‌ವೈಸರಮ್ಮನ ಕೈಗೊಪ್ಪಿಸಿದರೆ ಅವಳು ಸೂಜಿ ಪುಸ್ತಕದಲ್ಲಿ ಅಂಟಿಸಿ, ಹೆಸರು ಬರೆದು, ಹೊಸದು ಕೊಡುತ್ತಾಳೆ. ಒಂದು ಚೂರು ಕಳೆದರೂ, ಬಟ್ಟೆಯಲ್ಲಿ ಸೇರಿ ತೊಟ್ಟವರಿಗೆ ಚುಚ್ಚೀತೆಂದು, ಲೈನ್ ನಿಲ್ಲುತ್ತದೆ. ಸುಮಾ ಎರಡೂ ಚೂರು ಹಿಡಿದು ಹೋದಳು. ಮೂರು ವರ್ಷದಲ್ಲಿ ಅವಳ ಸೂಜಿ ಮುರಿದದ್ದು ಇದೇ ಮೊದಲು. ಸೂಪರ್‌ವೈಸರಮ್ಮ ಅಂಗೈ ಚಾಚಿದಳು. ಸುಮಾ ಚೂರುಗಳನ್ನು ಆ ಅಂಗೈಯ ಪಕ್ಕದ ಮೇಜಿನ ಮೇಲಿಟ್ಟಳು.

ಬೇಕೆಂದು ಮಾಡಿದ್ದಲ್ಲ. ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ, ಕೆಳಗಿಟ್ಟು ಕೊಡು ಎಂದು ತಾಯಿ ಶಂಕ್ರಮ್ಮ ಕಲಿಸಿದ್ದನ್ನು ಅವಳ ಕೈ ಮರೆತಿರಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ಗಾಳಿಗೆ ಸೂಜಿಯ ಮೊನೆ ಮೇಜಿನಿಂದ ಉರುಳಿ ಕಣ್ಮರೆಯಾಯಿತು.

ಲೈನ್ ನಿಂತಿತು. ಎಲ್ಲರೂ ಮೊಣಕಾಲೂರಿ ನೆಲ ತಡಕತೊಡಗಿದರು. ಮ್ಯಾನೇಜರ್ ಓಡಿ ಬಂದ.

"ನೋಡಿದಿರಾ, ನನ್ನ ಕೈ ಮುಟ್ಟಲಿಲ್ಲ! ಇಂಡಿಯಾದವರಿಗೆ ಜಾತಿ. ನಾವು ಇವರಿಗೆ ಹೊಲಸು," ಎಂದು ಸೂಪರ್‌ವೈಸರಮ್ಮ ಹರಕು ಹಿಂದಿಯಲ್ಲಿ ಕಿರುಚಿದಳು. ಅವಳ ಕಣ್ಣಲ್ಲಿ ನೀರಿತ್ತು.

ಮ್ಯಾನೇಜರ್ ಸುಮಾಳತ್ತ ತಿರುಗಿದ. "ಯಾಕೆ ಕೈಗೆ ಕೊಡಲಿಲ್ಲ?"

ಸುಮಾ ಒಳಗೇ ಲೆಕ್ಕ ಹಾಕಿದಳು. ನಿಜ ಹೇಳಿದರೆ ಇಂಡಿಯಾ ಮೂಢನಂಬಿಕೆಯ ದೇಶ, ಹೇಳದಿದ್ದರೆ ಜಾತಿಯ ದೇಶ. ಅತ್ತ ದರಿ, ಇತ್ತ ಪುಲಿ. ಥೂ, ಒಂದು ಸೂಜಿ ಇಡುವುದಕ್ಕೂ ನೂರನಲವತ್ತು ಕೋಟಿ ಜನರ ಪರವಾಗಿ ಜವಾಬು ಕೊಡಬೇಕೇ!

"ನಮ್ಮ ಕಡೆ ಕೈಗೆ ಕೊಟ್ಟರೆ ಜಗಳ ಬರುತ್ತದೆ ಅಂತಾರೆ," ಎಂದಳು ಹಿಂದಿಯಲ್ಲಿ. "ನಿಮ್ಮ ಜೊತೆ ಜಗಳ ಬೇಡ ಅಂತಲೇ ಇಟ್ಟೆ."

ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ, "ಅಯ್ಯಯ್ಯಪ್ಪ!" ಎಂದು ಸೌಭಾಗ್ಯ ಕೂಗಿದಳು. ಬೂಟಿಲ್ಲದೆ ಓಡಾಡಿ ಹುಡುಕುತ್ತಿದ್ದವಳ ಹಿಮ್ಮಡಿಗೆ ಆ ಮೊನೆ ನಾಟಿತ್ತು. ಅವಳೇ ಕಿತ್ತು, ರಕ್ತವನ್ನು ದುಪಟ್ಟಕ್ಕೆ ಒರೆಸಿಕೊಂಡು, ಕುಂಟುತ್ತ ಬಂದಳು. ಸುಮಾ ಅಂಗೈ ಚಾಚಿದರೆ ಅವಳೂ ಮೊನೆಯನ್ನು ಪಕ್ಕದ ಮೇಜಿನ ಮೇಲೇ ಇಟ್ಟಳು.

"ಕೈಗೆ ಕೊಡಬಾರ್ದು ಕಣಕ್ಕ. ಮೊದ್ಲೇ ನಿಂಗೂ ನಂಗೂ ದಿನಾ ಜಗಳ."

ಸುಮಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೂರು ವರ್ಷ ಈ ಹುಡುಗಿಯನ್ನು ಸುಮ್ಮನೆ ಅಂದಿದ್ದಳು. ಮೊನೆಯನ್ನೆತ್ತಿ ಸೂಪರ್‌ವೈಸರಮ್ಮನ ಅಂಗೈಯಲ್ಲೇ ಇಟ್ಟು, ಅವಳ ಬೆರಳುಗಳನ್ನು ಮಡಚಿ, ಆ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಳು. ಸೂಪರ್‌ವೈಸರಮ್ಮ ಕೈ ಬಿಡಿಸಿಕೊಂಡು ಪುಸ್ತಕ ತೆರೆದಳು. ಮೊನೆ ಅಂಟಿಸಿ, ಹೆಸರಿನ ಜಾಗದಲ್ಲಿ 'ಇಂಡಿಯಾ' ಎಂದು ಬರೆದಳು.

"ಸ್ಯಾಂಪಲ್ ರೂಮಿಗೆ ಬೇರೆ ದೇಶದವರನ್ನು ಕಳಿಸೋಣ," ಎಂದ ಮ್ಯಾನೇಜರ್.

ಆ ರೂಮು ಹೋದದ್ದಕ್ಕಿಂತ ಪುಸ್ತಕದ ಆ ಒಂದು ಮಾತು ಸುಮಾಳನ್ನು ಹೆಚ್ಚು ಕೆರಳಿಸಿತು. ಪೆನ್ನು ಕಿತ್ತುಕೊಂಡಳು. ಇಂಡಿಯಾದ ಮೇಲೆ ಗೀಟು ಎಳೆದು, ಕೆಳಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ದೊಡ್ಡದಾಗಿ ಬರೆದಳು: ಸುಮಾ, ರಾಯದುರ್ಗ.

"ತಪ್ಪು ನಂದು. ನನ್ನ ಹೆಸರಿಗೆ ಇರಲಿ."

ಸೂಪರ್‌ವೈಸರಮ್ಮ ಆ ಅಕ್ಷರಗಳನ್ನು ನೋಡಿದಳು, ಸುಮಾಳ ಮುಖ ನೋಡಿದಳು, ಹೊಸ ಸೂಜಿ ಕೊಟ್ಟಳು.

"ಸರಿ, ಹೋಗು ಇಂಡಿಯಾ. ಟೈಮಾಯಿತು."

ಸುಮಾ ತನ್ನ ಜಾಗಕ್ಕೆ ಬಂದು ಕೂತಳು. ಬೂಟು ಬಿಚ್ಚಿ ಸೌಭಾಗ್ಯಳ ಬೂಟಿನ ಪಕ್ಕಕ್ಕೆ ಎಸೆದಳು, ಬರಿಗಾಲಲ್ಲಿ ಮಿಷಿನ್ ತುಳಿದಳು.