ಕೂಡದ ರಕ್ತ

ಮಾನ್ವಿಯ ಅಕ್ಕಿ ಗಿರಣಿಯ ಮಹಾಂತಯ್ಯನವರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಹೆರಿಗೆಗೆಂದು ಸೊಸೆಯನ್ನು ರಾಯಚೂರಿನ ನಮ್ಮ ಆಸ್ಪತ್ರೆಗೆ ಕರೆತಂದ ನಾಲ್ಕು ದಿನಗಳಲ್ಲಿ ಅವರು ನನಗೆ ನರ್ಸಿನ ಕೆಲಸ ಕಲಿಸಿದರು, ಡಾಕ್ಟರಿಗೆ ವೈದ್ಯವಿದ್ಯೆ ಕಲಿಸಿದರು. ವಾರ್ಡು ಗುಡಿಸುವ ಬೂದೆಮ್ಮನಿಗೆ ಮಾತ್ರ ಏನೂ ಕಲಿಸಲಿಲ್ಲ. ಅವಳನ್ನು ಕಂಡರೆ "ಏ, ದೂರ ನಿಲ್ಲು" ಅನ್ನುವುದೊಂದೇ ಅವರ ಮಾತು.

ಅದು ಸಾವಿರದ ಒಂಬೈನೂರ ನಲವತ್ತಾರು. ಐದನೆಯ ದಿನ ಬೆಳಿಗ್ಗೆ ಸೊಸೆ ಚನ್ನಮಲ್ಲಮ್ಮ ಹೆತ್ತಳು. ಆದರೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಹೊಲಿಗೆ ಹಾಕಿ ನಿಲ್ಲಿಸುವಷ್ಟರಲ್ಲಿ ಅವಳ ತುಟಿ ಸುಣ್ಣದಂತಾಗಿತ್ತು. ಒಂದು ತಾಸಿನೊಳಗೆ ರಕ್ತ ಏರಿಸದಿದ್ದರೆ ಉಳಿಯುವುದಿಲ್ಲ ಎಂದರು.

"ನಮ್ಮ ಮನಿತನದ ರಕ್ತ ಇರಬೇಕಾದ್ರ ಚಿಂತಿ ಯಾಕ್ರಿ?" ಎಂದು ಮಹಾಂತಯ್ಯ ತಮ್ಮ ಒಡಹುಟ್ಟಿದ ಮುದುಕಪ್ಪನನ್ನು ಮುಂದೆ ತಳ್ಳಿದರು. ಸೊಸೆ ಬೇರೆ ಮನೆಯಲ್ಲಿ ಹುಟ್ಟಿದವಳು ಎಂಬುದು ಆ ಜಾಣರಿಗೆ ಹೊಳೆಯಲಿಲ್ಲ. ಬೂದೆಮ್ಮ ಯಾರೂ ಕೇಳದೆಯೇ ಸೆರಗಿಗೆ ಕೈ ಒರೆಸಿಕೊಂಡು ತೋಳು ಚಾಚಿದಳು.

ಯಾರ ರಕ್ತ ಒಗ್ಗುತ್ತದೆಂದು ನೋಡಲು ಡಾಕ್ಟರು ಎರಡು ಗಾಜಿನ ಪಟ್ಟಿಗಳ ಮೇಲೆ ಸೊಸೆಯ ರಕ್ತದ ತಿಳಿನೀರು ಹಾಕಿ, ಒಂದಕ್ಕೆ ಮುದುಕಪ್ಪನ ಹನಿ, ಇನ್ನೊಂದಕ್ಕೆ ಬೂದೆಮ್ಮನ ಹನಿ ಬೆರೆಸಿದರು. ಮುದುಕಪ್ಪನದು ಸೇರಿ ಸೇರಿ ಗಂಟುಗಂಟಾಯಿತು. ಬೂದೆಮ್ಮನದು ತೆಳ್ಳಗೆ ಹರಡಿಕೊಂಡೇ ಇತ್ತು.

ಮಹಾಂತಯ್ಯ ಬಗ್ಗಿ ನೋಡಿ ಎದೆಯುಬ್ಬಿಸಿದರು. "ನೋಡ್ರಿ, ನಮ್ಮದು ಕೂಡಿತು! ಆಕಿದು ಕೂಡಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಇದು ಬೀಗತನ ಅಲ್ಲರೀ ಯಪ್ಪಾ, ಕೂಡಿ ಬರಾಕ. ಹಿಂಗ ಕೂಡಿದ ರಕ್ತ ಮೈಯಾಗ ಹೋದ್ರ ಅಲ್ಲೂ ಗಂಟಾಗ್ತದ, ಸೊಸಿ ಸಾಯ್ತಾಳ. ಕೂಡದ ರಕ್ತಾನ ಬೇಕು."

ಡಾಕ್ಟರು ಬೂದೆಮ್ಮನ ರಕ್ತವನ್ನು ಬಾಟಲಿಗೆ ತುಂಬಿ, ಹೆಸರಿನ ಚೀಟಿ ಅಂಟಿಸಿ ನನ್ನ ಕೈಗಿಟ್ಟು, ಇನ್ನೊಂದು ಹೆರಿಗೆಗೆ ಓಡಿದರು.

ಮಹಾಂತಯ್ಯ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಗೋಪಮ್ಮಾ, ಆ ಚೀಟಿ ಕಿತ್ತು ಮುದುಕಪ್ಪಂದು ಅಂತ ಬರೀ."

"ಚೀಟಿ ಬದಲಿ ಮಾಡಿದ ಬಾಟಲಿ ನಾ ಏರಿಸಂಗಿಲ್ಲರೀ. ಇಬ್ಬರು ಓದಬೇಕು, ಜೋರಾಗಿ, ಮಂಚದ ಹತ್ರ ನಿಂತು. ನಾ ಓದೀನಿ. ಈಗ ನೀವು ಓದ್ರಿ."

ಅದು ನಮ್ಮ ಆಸ್ಪತ್ರೆಯ ಕಟ್ಟಳೆ. ಇನ್ನೊಬ್ಬ ನರ್ಸು ರಜೆಯಲ್ಲಿದ್ದಳು. ನಿಜಾಮರ ಆಡಳಿತವಾದ್ದರಿಂದ ಚೀಟಿ ಉರ್ದುವಿನಲ್ಲಿತ್ತು. ಕಚೇರಿಗೆ ಅರ್ಜಿ ಬರೆದು ಬರೆದು ಉರ್ದು ಪಳಗಿಸಿಕೊಂಡಿದ್ದವರು, ನನ್ನನ್ನು ಬಿಟ್ಟರೆ, ಆ ವಾರ್ಡಿನಲ್ಲಿ ಅವರೊಬ್ಬರೇ. ಆ ವಿದ್ಯೆಯ ಬಗ್ಗೆ ನಾಲ್ಕು ದಿನ ಕೊಚ್ಚಿಕೊಂಡಿದ್ದರು ಬೇರೆ.

ಅವರು ಮೀಸೆಯೊಳಗೇ ಏನೋ ಗೊಣಗಿದರು.

"ಕೇಳಲಿಲ್ಲರೀ," ಎಂದೆ.

ಸೊಸೆಯ ಕಣ್ಣು ಮುಚ್ಚುತ್ತಿತ್ತು. ಮಹಾಂತಯ್ಯ ಅವಳನ್ನು ನೋಡಿದರು, ಬಾಟಲಿಯನ್ನು ನೋಡಿದರು. ಕೊನೆಗೆ ವಾರ್ಡಿಗೆಲ್ಲ ಕೇಳುವಂತೆ ಓದಿದರು: "ತಗೊಳ್ಳಾಕಿ ಚನ್ನಮಲ್ಲಮ್ಮ. ಕೊಟ್ಟಾಕಿ ಬೂದೆಮ್ಮ!"

ಮೊಣಕೈ ಸಂದಿಯಲ್ಲಿ ಹತ್ತಿ ಒತ್ತಿಕೊಂಡು ಬೂದೆಮ್ಮ ಬಾಗಿಲಿಗೆ ಬಂದಳು. "ಯಪ್ಪಾ, ಕರದ್ರೇನ್ರಿ?"

ನಾನು ಸೂಜಿ ಚುಚ್ಚಿ, ಒಂದೊಂದೇ ಹನಿಯಾಗಿ ರಕ್ತ ಬಿಟ್ಟು, ನಾಡಿ ಹಿಡಿದು ಕೂತೆ. ಹದಿನೈದು ನಿಮಿಷ ಕಣ್ಣು ಕೀಳಲಿಲ್ಲ. ರಕ್ತ ಒಗ್ಗದಿದ್ದರೆ ಬರುವ ನಡುಕ ಅವಳಿಗೆ ಬರಲಿಲ್ಲ, ಬೆನ್ನು ನೋಯಲಿಲ್ಲ. ನಿಧಾನವಾಗಿ ತುಟಿಗೆ ಬಣ್ಣ ಮರಳಿತು.

ಬೂದೆಮ್ಮ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಬಲ್ಲ ಮಹಾಂತಯ್ಯನವರು ಅವಳತ್ತ ನೋಡದೆ, ಬಾಟಲಿಯ ಚೀಟಿಯನ್ನು ಮತ್ತೆ ಮೊದಲಿನಿಂದ ಓದತೊಡಗಿದರು.