ಒತ್ತಿದಾಗ ಮಾತ್ರ

ಆಕ್ಸಿಲರೇಟರ್ ಒತ್ತಿದರೆ ರಮ್ಯಾಳ ಕಾರು ಗಡಗಡ ಅದುರುತ್ತಿತ್ತು. ಕಾಲು ತೆಗೆದರೆ ಸುಮ್ಮನಾಗುತ್ತಿತ್ತು. ಇಷ್ಟನ್ನು ಮೂರು ವಾರದಿಂದ ಬಾಯಿ ನೋಯುವಷ್ಟು ಹೇಳಿದ್ದಳು. ಕೇಳುವ ಕಿವಿಯೇ ಇರಲಿಲ್ಲ. ರಾಮನಗರದಲ್ಲಿ ಒಬ್ಬ ಚಕ್ರಗಳ ಬ್ಯಾಲೆನ್ಸ್ ಮಾಡಿದ, ಇನ್ನೊಬ್ಬ ಪ್ಲಗ್ ಬದಲಿಸಿದ. ಚನ್ನಪಟ್ಟಣದ ಮೆಕ್ಯಾನಿಕ್ ಜಯಕುಮಾರನಂತೂ ಗಾಡಿಯನ್ನು ಜಾಕ್ ಮೇಲೆತ್ತಿ, ಚಕ್ರ ತಿರುಗಿಸಿ, ಬೆಣ್ಣೆಯ ಹಾಗಿದೆ ಎಂದ. ಹೇಳಿದ್ದು ಅವಳಿಗಲ್ಲ, ಪಕ್ಕದಲ್ಲಿದ್ದ ಗಂಡ ಮನೋಹರನಿಗೆ. ಮೇಡಂ ಕ್ಲಚ್ ಬಿಡುವುದರಲ್ಲೇ ಒಸಿ ಎಡವಟ್ಟಿರಬೇಕು ಎಂದೂ ಸೇರಿಸಿದ.

“ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ,” ಎಂದು ಮನೋಹರ ನಕ್ಕ.

ರಮ್ಯಾಳಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಸಂಬಳದಲ್ಲಿ ಕೊಂಡ ಕಾರು. ಅದಿಲ್ಲದಿದ್ದರೆ ಪಾಠ ಹೇಳಲು ಮರಳವಾಡಿಯ ಶಾಲೆಗೆ ಮೂರು ಬಸ್ಸು ಹತ್ತಿಳಿಯಬೇಕು. ಈ ಮಹಾರಾಯ ಅದನ್ನು ಮಾರಲು ಗಿರಾಕಿಯನ್ನೂ ಹುಡುಕಿಟ್ಟಿದ್ದ. ಭಾನುವಾರ ಬಂದು ಒಯ್ಯುತ್ತಾನಂತೆ.

ಶನಿವಾರ ಅವಳು ತವರಿಗೆ ಹೋಗಿ ಅವ್ವನ ಮುಂದೆ ಗೋಳು ತೋಡಿಕೊಂಡಳು. ಕೆಂಚಮ್ಮ ಮೂವತ್ತು ವರ್ಷ, ಮರದ ತುಂಡನ್ನು ಹಿಡಿದು ತಿರುಗಿಸುವ ಲೇತಿನ ಮೇಲೆ ಉಳಿಯಿಂದ ಬೊಂಬೆ ಕಡೆದವಳು. ಕಾರಿನ ಬಾನೆಟ್ಟಿನೊಳಗೆ ಏನಿದೆ ಎಂದು ಇಣುಕಿ ನೋಡಿದವಳೂ ಅಲ್ಲ. ಆದರೆ ಮಗಳ ಮಾತನ್ನು ಪೂರ್ತಿ ಕೇಳಿದಳು.

“ಬರೀ ತಿರುಗುದ್ರೆ ಯಾವ ಮರವೂ ಅದುರಾಕಿಲ್ಲ ಕಣವ್ವ. ಉಳಿ ಒತ್ತುದಾಗ ಅದುರುದ್ರೆ ಮರದ್ ತಪ್ಪಲ್ಲ, ಅದ ಹಿಡ್ಕಂಡಿರೋ ತಾವು ಸಡ್ಲ ಆಗೈತೆ ಅಂತ. ಆ ಮೆಕ್ಯಾನಿಕ್ಕು ಭಾರ ಹಾಕ್ದೆ ನೋಡವ್ನೆ.”

ಭಾನುವಾರ ಬೆಳಿಗ್ಗೆ ರಮ್ಯಾ ಯಾರನ್ನೂ ಬೇಡಿಕೊಳ್ಳಲಿಲ್ಲ. ಅವ್ವನನ್ನೂ ಜಯಕುಮಾರನನ್ನೂ ಹಿಂದೆ ಕೂರಿಸಿ, ಕೀಯನ್ನು ಗಂಡನ ಕೈಗಿತ್ತು, ಕೆಂಗಲ್ ಕಡೆಯ ಏರಿನಲ್ಲಿ ನೀವೇ ಓಡಿಸಿ ಎಂದಳು. ಏರು ಬಂತು, ಅವನು ಒತ್ತಿದ. ಅವನ ಹಲ್ಲು ಕಟಕಟ ಅನ್ನುವ ಹಾಗೆ ಗಾಡಿ ಅದುರಿತು. ಜಯಕುಮಾರ ಗಾಡಿ ನಿಲ್ಲಿಸಲು ಹೇಳಿ, ಕೆಳಗೆ ನುಗ್ಗಿ, ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಆಕ್ಸಲ್ ಹಿಡಿದು ಅಲುಗಿಸಿದ. ಅದರ ಒಳಗಿನ ಜಾಯಿಂಟ್ ಸವೆದು ಸಡಿಲವಾಗಿತ್ತು.

ಮನೋಹರ ಗಿರಾಕಿಗೆ ಫೋನ್ ಮಾಡಿ ಗಾಡಿ ಕೊಡುವುದಿಲ್ಲ ಎಂದ. ಸಂಜೆಯ ಹೊತ್ತಿಗೆ ಗ್ಯಾರೇಜಿನಲ್ಲಿ ಹೊಸ ಜಾಯಿಂಟ್ ಕೂತಿತು. ಆಗ ಅವನು ಹೆಂಡತಿಯ ಕಡೆ ತಿರುಗಿದ.

“ಮೊದ್ಲೇ ನೆಟ್ಗೆ ಹೇಳ್ಬಾರ್ದಿತ್ತಾ ನೀನು?”

ರಮ್ಯಾ ಅವ್ವನನ್ನು ಮುಂದಿನ ಸೀಟಿಗೆ ಹತ್ತಿಸಿ, ಬಾಗಿಲು ಹಾಕಿ, ಗಾಡಿ ಸ್ಟಾರ್ಟ್ ಮಾಡಿದಳು.

“ನೀವು ಬಸ್ಸಲ್ಲಿ ಬನ್ನಿ,” ಎಂದಳು.