ಹಳೆಯದು ಇರಲಿ ಬಿಡಿ

ಅತ್ತಿಗೆ, ಮೈದುನ ಸೇರಿ ನಡೆಸುವ ಊರುಗಳ ನಕ್ಷೆ ಮಾಡಿಕೊಡುವ ಪುಟ್ಟ ಅಂಗಡಿಯಲ್ಲಿ ಅತ್ತಿಗೆ ಬೆಳಗಿನಿಂದ ಕಂಪ್ಯೂಟರಿನೊಂದಿಗೆ ಜಿದ್ದಿಗೆ ಬಿದ್ದಿದ್ದಳು. ಡೇಟಾಬೇಸಿಗೆ ನಕ್ಷೆ ಓದಲು ಕಲಿಸುವ ಎಕ್ಸ್‌ಟೆನ್ಶನ್ ಎಂಬ ಸೇರ್ಪಡೆ ತಂತ್ರಾಂಶವೊಂದನ್ನು ಸಿದ್ಧರೂಪದಲ್ಲಿ ತರದೆ, ಮೂಲ ಕೋಡಿನಿಂದಲೇ ಕಟ್ಟುತ್ತಿದ್ದಳು. ಕಟ್ಟುವಾಗ ಯಾವ ತಕರಾರೂ ಇಲ್ಲ; ಓಡಿಸಿದರೆ ಮಾತ್ರ ಮುಗ್ಗರಿಸುತ್ತಿತ್ತು.

ಕೊನೆಗೂ ಹುಳುಕು ಸಿಕ್ಕಿತು. ಅದು ಓಡಲು ನೆಚ್ಚುವ ಸಿದ್ಧ ಕೋಡಿನ ಕಂತೆ, ಅಂದರೆ ಲೈಬ್ರರಿಯ, ಹೊಸ ಆವೃತ್ತಿಯನ್ನು ಅವಳೇ ಕಟ್ಟಿ ಹಾಕಿದ್ದಳು. ಅದೇ ಲೈಬ್ರರಿಯ ಹಳೆಯ ಆವೃತ್ತಿಯನ್ನು ಮೈದುನ ಎಂದೋ ಅದೇ ಕಂಪ್ಯೂಟರಿಗೆ ಹಾಕಿಟ್ಟಿದ್ದ. ಎಕ್ಸ್‌ಟೆನ್ಶನ್ ಹೊಸದನ್ನು ನಂಬಿ ಕಟ್ಟಿಸಿಕೊಂಡು, ಓಡುವಾಗ ಹಳೆಯದರ ಕೈ ಹಿಡಿಯುತ್ತಿತ್ತು.

"ಹಳೇದೂ ಇರ್ಲಿ ಬಿಡಿ ಅತ್ತಿಗೆ, ಯಾವತ್ತಾದ್ರೂ ಬೇಕಾಗುತ್ತೆ," ಎಂದ ಮೈದುನ.

"ಬೇರೆ ಯಾವುದಕ್ಕೂ ಅದು ಬೇಕಿಲ್ಲ, ನೋಡಿದೀನಿ. ನಿನ್ನ ಈ 'ಇರ್ಲಿ ಬಿಡಿ' ನನ್ನ ಪ್ರಾಣ ತಿಂತಿದೆ. ತೆಗಿ!"

ಅವನು ಗೊಣಗುತ್ತಲೇ ತೆಗೆದ. ಅವಳು ಅಷ್ಟಕ್ಕೇ ಬಿಡುವವಳಲ್ಲ. ಹಿಂದಿನ ಸಲ ಕಟ್ಟಿದಾಗ ಉಳಿದಿದ್ದ ಫೈಲುಗಳನ್ನೆಲ್ಲ ಅಳಿಸಿ, ಟೊಂಕ ಕಟ್ಟಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಪರದೆಯ ಮೇಲೆ ಊರಿನ ಬೀದಿಗಳು ಒಂದೊಂದಾಗಿ ಮೂಡಿದವು.

ಸಂಜೆ ಮೈದುನ ಶಟರ್ ಎಳೆದು ಬೀಗಕ್ಕೆ ಕೀಲಿ ತೂರಿಸಿದ. ತಿರುಗಲಿಲ್ಲ. ಬೀಗ ಬದಲಿಸಿ ವರ್ಷವಾಗಿದ್ದರೂ ಹಳೆಯ ಕೀಲಿ ಗೊಂಚಲಿನಲ್ಲೇ ಇತ್ತು. ದಿನವೂ ಮೊದಲು ಅದೇ ಅವನ ಕೈಗೆ ಬರುತ್ತಿತ್ತು.

ಅತ್ತಿಗೆ ಅಂಗೈ ಚಾಚಿದಳು.

"ಇರ್ಲಿ..." ಎಂದು ಬಾಯಿ ತೆರೆದವನು ಅವಳ ಮುಖ ನೋಡಿ, ಹಳೆಯ ಕೀಲಿಯನ್ನು ಗೊಂಚಲಿನಿಂದ ಬಿಡಿಸತೊಡಗಿದ.